ಒಂದೇ ಕೂಗು

ಓಣಿಯಲ್ಲಿ ಯಾರೋ ಯಾರನ್ನೋ ಕೂಗಿದರೂ ನಾನು ಓ ಎನ್ನುತ್ತೇನೆ. ಮನೆಯವರು ನಗುತ್ತಾರೆ. ನಗಲಿ.

ಹುಮನಾಬಾದಿನ ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದ ಆರು ವರ್ಷ ನನ್ನ ಕಿವಿಗೆ ದೊಡ್ಡ ಹೆಸರಿತ್ತು. ರೋಗಿ ಬಾಯಿ ತೆರೆಯುವುದರೊಳಗೆ ಮಂಚದ ಪಕ್ಕ ಇರುತ್ತಿದ್ದೆ. ಆದರೆ ಅಲ್ಲಿ ರೋಗಿಗೆ ಹೆಸರಿಲ್ಲ, ಮಂಚದ ನಂಬರು ಅಷ್ಟೇ. ಪಾಳಿ ಮುಗಿದರೆ ಮುಂದಿನವಳ ತಲೆನೋವು.

ಎಂಬತ್ತನೇ ಇಸವಿಯ ಸುಮಾರಿಗೆ ಬಸವಕಲ್ಯಾಣದ ಒಂದು ಮನೆಯವರು, ಲಕ್ವಾ ಹೊಡೆದು ಮಲಗಿದ್ದ ಮುದುಕಿಯನ್ನು ನೋಡಿಕೊಳ್ಳಲು ನನ್ನನ್ನು ಕರೆಸಿಕೊಂಡರು. ಮನೆಯ ಕೆಲಸದ ರೀತಿಯೇ ಬೇರೆ. ಮೈ ಒರೆಸಿ, ಮಗ್ಗಲು ಬದಲಿಸಿ, ಗಂಜಿ ಕುಡಿಸಿದ ಮೇಲೆ ಉಪ್ಪಿನಕಾಯಿಗೆ ಮಾವೂ ಹೆಚ್ಚಬೇಕು. ಅರ್ಧ ನರ್ಸು, ಅರ್ಧ ಸೊಸೆ. ಆದರೂ ನನಗೆ ಅಲ್ಲಿ ಹಿತವಾಗಿತ್ತು. ಮುದುಕಿಯನ್ನು ಎಲ್ಲರಂತೆ ನಾನೂ ಆಯಿ ಎನ್ನುತ್ತಿದ್ದೆ. ಏನು ಬೇಕಾದರೂ ಅವಳು "ಯವ್ವಾ" ಎಂದು ಒಮ್ಮೆ ಕೂಗುತ್ತಿದ್ದಳು. ಎರಡನೇ ಸಲಕ್ಕೆ ಉಸಿರಿರಲಿಲ್ಲ. ಆ ಒಂದು ಕೂಗಿಗೆ ಓಡುವುದೇ ನನ್ನ ನೌಕರಿ.

ಆಯಿಯ ಸೊಸೆಗೆ ಅದೇ ದಿಗಿಲು. "ಅಕ್ಕೋರ, ನಡು ಮಧ್ಯಾಹ್ನದಾಗ ಒಂದ್ ಸರ್ತಿ ಕರದ್ರ ಓ ಅನಬ್ಯಾಡ್ರಿ. ದೆವ್ವ ಒಂದ ಸರ್ತಿ ಕರೀತದ. ಮನಷ್ಯಾರು ಮೂರ್ ಸರ್ತಿ ಕರೀತಾರ."

"ದೆವ್ವಕ್ಕ ನನ್ ಮ್ಯಾಲೆ ಅಷ್ಟ್ ಪ್ರೀತಿ ಯಾಕ್ರಿ ವೈನಿ?" ಎಂದು ನಕ್ಕಿದ್ದೆ.

ಆ ಬೇಸಿಗೆಯಲ್ಲಿ ಓಣಿಯ ಹೆಂಗಸೊಬ್ಬಳು ಮಧ್ಯಾಹ್ನದ ಕೂಗಿಗೆ ಓ ಎಂದಳಂತೆ. ಮೂರನೇ ದಿನ ಜ್ವರದಲ್ಲಿ ತೀರಿಕೊಂಡಳು. ಆರು ವರ್ಷ ಇಂಜೆಕ್ಷನ್ ಸೂಜಿ ಕುದಿಸಿದ ನನ್ನ ತಲೆಯನ್ನೂ ಆ ಮಾತು ಹೊಕ್ಕಿತು.

ಅದಾದ ವಾರದಲ್ಲೇ ಒಂದು ದಿನ ಹಿತ್ತಲಲ್ಲಿ ಆಯಿಯ ಚಾದರ ಹಿಂಡುತ್ತಿದ್ದೆ. ಬಿಸಿಲು ನೆತ್ತಿಯ ಮೇಲಿತ್ತು. ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ. "ಯವ್ವಾ" ಎಂದು ಕೇಳಿಸಿತು. ಬಾವಿಯ ಕಡೆಯಿಂದಲೋ ಒಳಗಿನಿಂದಲೋ ತಿಳಿಯಲಿಲ್ಲ. ನಾಲಿಗೆಗೆ ಬಂದಿದ್ದನ್ನು ನುಂಗಿಕೊಂಡು ಇನ್ನೊಂದು ಕೂಗಿಗೆ ಕಾದೆ. ಇನ್ನೊಂದು ಕೂಗಿನ ಉಸಿರು ಯಾರಿಗಿಲ್ಲ ಎಂದು ಗೊತ್ತಿದ್ದೂ ಕಾದೆ. ಚಾದರ ಹಿಂಡಿ, ಹಗ್ಗಕ್ಕೆ ಹಾಕಿ, ಆಮೇಲೆ ಒಳಗೆ ಹೋದೆ. ಆಯಿಯ ಕಣ್ಣುಗಳು ಬಾಗಿಲ ಕಡೆಗೇ ತೆರೆದಿದ್ದವು. ಉಸಿರು ನಿಂತಿತ್ತು.

ಮಣ್ಣು ಮಾಡಿ ಬಂದ ಸಂಜೆ ಸೊಸೆ ನನ್ನ ಕೈ ಹಿಡಿದುಕೊಂಡಳು. "ಖರೆ ಹೇಳ್ರಿ ಅಕ್ಕೋರ, ಅತ್ತಿ ಕರದಿದ್ರೇನು? ನಾ ಒಳಗ ರೊಟ್ಟಿ ಬಡ್ಯಾಕತ್ತಿದ್ದೆ. ಒಂದ್ ಸರ್ತಿ ಕೇಳಿಸ್ತು. ಓ ಅನಲಿಲ್ಲ ನಾ."

ನನಗೂ ಕೇಳಿಸಿತ್ತು ಎಂದಿದ್ದರೆ ಇಬ್ಬರೂ ಕೂಡಿ ಅಳುತ್ತಿದ್ದೆವು. ಅಷ್ಟು ಧೈರ್ಯ ನನಗಿರಲಿಲ್ಲ. ನನ್ನ ಕಿವಿಯ ಹೆಸರು ಉಳಿಸಿಕೊಳ್ಳಬೇಕಿತ್ತು. "ಇಲ್ರಿ ವೈನಿ, ಆಯಿ ಕರದೇ ಇಲ್ಲ" ಎಂದೆ.

"ಹಂಗಾದ್ರ ಅದು ದೆವ್ವನೇ ರಿ" ಎಂದು ಅವಳು ಕಣ್ಣೊರೆಸಿಕೊಂಡು ಎದ್ದಳು. ಕೂಗಿದ್ದು ಮತ್ತೆ ಒಳಗೆ ಬರದಿರಲೆಂದು ಆಯಿಯ ಕೋಣೆಯ ಬಾಗಿಲಿಗೆ ನಿಂಬೆಹಣ್ಣು ಕಟ್ಟಿದಳು. ಅವಳು ಬೀಳದಂತೆ ಸ್ಟೂಲು ಹಿಡಿದು ನಿಂತವಳು ನಾನೇ.