ಗೇಟಿನ ಸರದಿ

ಫೆಲಿಕ್ಸ್ ಮಾಸ್ಟರು ಯಾರ ಮಾತನ್ನೂ ಒಂದೇ ಸಲಕ್ಕೆ ಪೂರ್ತಿ ಕೇಳಿದವರಲ್ಲ. ಹೊಂಗಡಹಳ್ಳದ ಅವರ ಮನೆಯ ಜಗುಲಿಯಲ್ಲೇ ನಮಗೆ ಕಂಪ್ಯೂಟರ್ ಕ್ಲಾಸು. ಎಲ್ಲರೂ ಒಟ್ಟಿಗೆ ಡೌಟು ಕೇಳಿದರೆ, ಒಬ್ಬನನ್ನು ಅರ್ಧ ಮಾತಿಗೇ ಅಂಗೈ ತೋರಿಸಿ ನಿಲ್ಲಿಸಿ ಮುಂದಿನವನ ಕಡೆ ತಿರುಗುತ್ತಿದ್ದರು. ಒಂದು ಸುತ್ತು ಮುಗಿಸಿ ಬಂದು, ಅವನು ನಿಲ್ಲಿಸಿದ ಪದದಿಂದಲೇ ಮತ್ತೆ ಶುರು ಮಾಡಿಸುತ್ತಿದ್ದರು.

"ಕಂಪ್ಯೂಟರೂ ಹಿಂಗೇ ಕಣ್ರೋ. ಒಳಗೆ ದುಡಿಯೋನು ಒಬ್ನೇ. ಒಬ್ಬೊಬ್ರಿಗೂ ಚೂರುಚೂರು ಹೊತ್ತು ಕೊಟ್ಕೊಂಡು ಸುತ್ತುತಾ ಇರ್ತಾನೆ. ಎಲ್ರೂ ನನ್ ಕೆಲಸಾನೇ ಆಯ್ತಾ ಐತೆ ಅನ್ಕೊಂಡಿರ್ತಾರೆ."

ಅವರ ಹೆಂಡತಿ ಲಿಲ್ಲಿಬಾಯಿ ಕಾಫಿ ಇಡುತ್ತಾ, "ಮದುವೆ ದಿನ ನಾನು ಶುರು ಮಾಡಿದ್ ಮಾತು ಇನ್ನೂ ಮುಗ್ದಿಲ್ಲ ಮಾರಾಯ" ಎಂದು ನಮ್ಮನ್ನು ನಗಿಸುತ್ತಿದ್ದರು.

ಆನೆ ಕಾಟ ಜಾಸ್ತಿಯಾದಾಗ ಮಾಸ್ಟರು ಸುಮ್ಮನೆ ಕೂರಲಿಲ್ಲ. ದಾರಿಗಳಲ್ಲಿ ಕ್ಯಾಮೆರಾ, ಸೈರನ್ನು ಹಾಕಿಸಿದರು. ಕ್ಯಾಮೆರಾದಲ್ಲಿ ಆನೆ ಕಂಡರೆ ಆ ಜಾಗದ ಸೈರನ್ನು ಕೂಗಬೇಕು. ಎಲ್ಲವನ್ನೂ ನೋಡಿಕೊಳ್ಳಲು ಅವರ ಮನೆಯ ಹಳೆಯ ಕಂಪ್ಯೂಟರ್ ಒಂದೇ. ಕೆಲಸ ಹೆಚ್ಚಾದಾಗ ಯಾರನ್ನು ಮೊದಲು ನೋಡಬೇಕೆಂದು ಅದಕ್ಕೆ ಹೇಳಿಕೊಟ್ಟಿದ್ದರು: ಮೊದಲು ಶಾಲೆಯ ದಾರಿ, ಆಮೇಲೆ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ದಾರಿ, ಎಲ್ಲರಿಗಿಂತ ಕೊನೆಗೆ ತಮ್ಮ ಗೇಟು.

"ನಂಗೇನು, ಕಾಯೋದು ಅಭ್ಯಾಸ ಐತೆ" ಎಂದರು ಲಿಲ್ಲಿಬಾಯಿ.

ಒಂದು ಸಂಜೆ ಗಾಳಿಮಳೆ. ಎಲ್ಲಾ ದಾರಿಯಲ್ಲೂ ಮರಗಳು ತೂಗಾಡುತ್ತಿದ್ದವು. ಕೊಂಬೆ ಅಲ್ಲಾಡಿದ್ದನ್ನೆಲ್ಲ ಆನೆಯೋ ಅಲ್ಲವೋ ಎಂದು ಕಂಪ್ಯೂಟರ್ ಪರೀಕ್ಷೆ ಮಾಡುತ್ತಲೇ ಇತ್ತು. ಶಾಲೆಯ ದಾರಿ, ಲೈನ್ ದಾರಿ, ಮತ್ತೆ ಶಾಲೆಯ ದಾರಿ. ಗೇಟಿನ ಸರದಿ ಬರಲೇ ಇಲ್ಲ. ಲಿಲ್ಲಿಬಾಯಿ ಗೇಟು ಹಾಕಲು ಹೋಗಿದ್ದರು. ಅವರ ಕೂಗು ಕೇಳಿ ನಾವು ಜಗುಲಿಯಿಂದ ಓಡುವಷ್ಟರಲ್ಲಿ ಆನೆ ತುಳಿದು ಹೋಗಿತ್ತು. ಅವರ ಮೈಯನ್ನು ಎತ್ತಿ ಜೀಪಿನಲ್ಲಿ ಮಲಗಿಸುತ್ತಿದ್ದಾಗ ಕೊನೆಗೂ ಸರದಿ ಬಂದು, ನಮ್ಮ ತಲೆಯ ಮೇಲೇ ಗೇಟಿನ ಸೈರನ್ನು ಕೂಗಿತು.

ಚರ್ಚಿನಲ್ಲಿ ಏಳನೇ ದಿನದ ಪೂಜೆ ಕಳೆದ ಮೇಲೆ, ಇನ್ನಾದರೂ ಗೇಟಿನ ಸರದಿಯನ್ನು ಮೊದಲು ಇಡಿ ಮಾಸ್ಟರೇ ಎಂದೆ.

"ಸ್ಕೂಲ್ ಮಕ್ಳನ್ನ ಹಿಂದಕ್ಕೆ ತಳ್ಳಕ್ಕೆ ಆಯ್ತದೇನೋ?" ಎಂದವರು ಕಂಪ್ಯೂಟರಿನ ಕಡೆ ತಿರುಗಿದರು. "ಕಾದಷ್ಟೂ ಕಾಯೋನ್ನ ಮೇಲಕ್ಕೆ ಎತ್ತುತಾ ಬರ್ಬೇಕು. ಅಷ್ಟೇ ಇದ್ದಿದ್ದು. ನಾನೇ ನಿಮಗೆ ಪಾಠ ಮಾಡಿದ್ನಲ್ಲೋ. ಮನೇಲಿ ಮರ್ತುಬುಟ್ಟೆ."

ಅವತ್ತೇ ಕೂತು ಅದನ್ನು ಸರಿ ಮಾಡಿದರು.

ಅವರು ತೀರಿಕೊಳ್ಳುವ ಮುಂಚೆ ನಾನು ಕಡೆಯ ಸಲ ಹೋದದ್ದು ಒಂದು ಮುಸ್ಸಂಜೆ. ಮಾತಾಡುತ್ತಿದ್ದಂತೆ ಗೇಟಿನ ಸೈರನ್ನು ಕೂಗಿತು. ಮಾಸ್ಟರು ಎದ್ದು ಚಪ್ಪಲಿ ಮೆಟ್ಟಿದರು.

"ಆನೆ ಇರ್ತದೆ, ಹೋಗ್ಬೇಡಿ!" ಎಂದು ಕೈ ಹಿಡಿದೆ.

"ಈ ಸಲ ಹೊತ್ತಿಗ್ ಸರಿಯಾಗಿ ಕೂಗೈತೆ ಕಣೋ" ಎಂದು ಮೆಲ್ಲಗೆ ಕೈ ಬಿಡಿಸಿಕೊಂಡರು. "ಅವಳ್ನ ಒಳಗೆ ಕರ್ಕೊಂಡ್ ಬತ್ತೀನಿ."

ಆನೆ ಬೇಲಿಯಾಚೆ ಇಳಿದು ಹೋಗಿತ್ತು. ಮಾಸ್ಟರು ಒಳಗೆ ಬಂದ ಮೇಲೂ ಬಾಗಿಲು ಹಿಡಿದುಕೊಂಡು ನಿಂತರು, ಇನ್ನೊಬ್ಬರು ದಾಟಿ ಬರುವಷ್ಟು ಹೊತ್ತು. ಆಮೇಲೆ ಚಿಲಕ ಹಾಕಿದರು.