ಕಲಗಚ್ಚಿನ ಬಾನಿಯಲ್ಲಿ ಮುಳುಗಿಸಿದ ಟ್ಯೂಬು

ಯುದ್ಧದ ಕಾಲ. ಸೈಕಲ್ಲಿಗೆ ಹೊಸ ಟ್ಯೂಬು ಬೇಕೆಂದರೆ ಅಂಗಡಿಯವನು ನಕ್ಕುಬಿಡುತ್ತಿದ್ದ. ನಮ್ಮದರಲ್ಲಿ ಟ್ಯೂಬಿಗಿಂತ ತೇಪೆಯೇ ಜಾಸ್ತಿ. ನನ್ನ ಯಜಮಾನರು ದುರ್ಗಿಗುಡಿಯ ಮನೆಯಿಂದ ಭದ್ರಾವತಿಯ ಒಂದು ವರ್ಕ್‌ಷಾಪಿಗೆ ದಿನಾ ಅದರ ಮೇಲೆಯೇ ಹೋಗಿಬರಬೇಕು. ಆ ತಿಂಗಳು ಎರಡು ಸಲ ತಡವಾಗಿತ್ತು. ಇನ್ನೊಂದು ಸಲ ತಡವಾದರೆ ಗೇಟಿನಿಂದಲೇ ವಾಪಸು, ಮತ್ತೆ ಬರುವುದೇ ಬೇಡ ಎಂದಿದ್ದ ಮೇಸ್ತ್ರಿ.

ಅಂಥದ್ದರಲ್ಲಿ ಒಂದು ಸಂಜೆ ಸೈಕಲ್ ತಳ್ಳಿಕೊಂಡು ಬಂದರು. ಟ್ಯೂಬು ಬಿಚ್ಚಿ, ಗಾಳಿ ತುಂಬಿ, ತೂತು ಹುಡುಕಲು ಬಚ್ಚಲ ಹಂಡೆಯ ಕಡೆ ಹೊರಟಿದ್ದೇ ಅತ್ತೆ ಅಡ್ಡ ನಿಂತರು.

"ಬೀದಿ ಸಗಣಿಯಲ್ಲಿ ಉರುಳಿದ್ದನ್ನ ಸ್ನಾನದ ನೀರಿಗೆ ಹಾಕ್ತೀಯೇನೋ?"

"ಉರುಳೋದು ಟೈರು ಕಣಮ್ಮ, ಟ್ಯೂಬಲ್ಲ."

"ಎರಡೂ ಒಂದೇ ಮನೇವು. ಕೊಟ್ಟಿಗೇಲಿ ಬಾನಿ ಇದೆ, ಹೋಗು."

ಬಾನಿಯಲ್ಲಿ ಹಸುವಿಗೆ ಇಟ್ಟ ಕಲಗಚ್ಚು, ಅದರ ಮೇಲೆ ಆಗಲೇ ನೊರೆ. ಗುಳುಗುಳು ಎಂದ ಒಂದು ತೂತು ಸಿಕ್ಕಿತು. ತೊಳೆದು ಒರೆಸಿ, ಉಪ್ಪುಕಾಗದ ಉಜ್ಜಿ, ಸಲ್ಯೂಷನ್ ಹಚ್ಚಿ ತೇಪೆ ಹಾಕಿದರು. ಸಣ್ಣದಾಗಿ ಗಾಳಿ ಬಿಡುವ ಇನ್ನೊಂದಿದ್ದರೆ ಆ ನೊರೆಯಲ್ಲಿ ಕಾಣುವುದು ಹೇಗೆ? ಬೆಳಗ್ಗೆ ಎದ್ದು ನೋಡಿದರೆ ಚಕ್ರ ಮತ್ತೆ ಚಪ್ಪಟೆ. ರೈಲಿಗೆ ಹೋದರೆ ಗೇಟು ಮುಚ್ಚಿದ ಮೇಲೆ ತಲುಪುವುದು. ಇವರು ಜಗಲಿಯ ಮೇಲೆ ಕುಸಿದು ಕೂತರು.

ನಮ್ಮತ್ತೆ ಎಂಥವರೆಂದರೆ, ಯಾರಾದರೂ ಲೋಟ ಕಚ್ಚಿ ನೀರು ಕುಡಿದರೆ ಎಂಜಲೆಂದು ಆ ಲೋಟಕ್ಕೆ ಮೂರು ಸಲ ಬೂದಿ ಹಾಕಿ ತಿಕ್ಕಿಸುತ್ತಿದ್ದರು. ಅವರೇ ಟ್ಯೂಬನ್ನು ಬಿಚ್ಚಿಸಿ ತೊಡೆಯ ಮೇಲೆ ಹಾಕಿಕೊಂಡು, ಬೆರಳು ನೆಕ್ಕಿ, ಗೇಣು ಗೇಣಿಗೂ ಸವರುತ್ತ ಬಂದರು.

"ಅಮ್ಮಾ, ಎಂಜಲು!"

"ನನ್ನ ಎಂಜಲು, ನಾನು ತೊಳ್ಕೋತೀನಿ. ನೀನು ಗಾಳಿ ಹೊಡಿ ಮಾರಾಯ."

ಹಳೆಯ ತೇಪೆಯೊಂದರ ಅಂಚಿನ ಹತ್ತಿರ ಸಾಸಿವೆಯಷ್ಟು ಗುಳ್ಳೆ ಎದ್ದಿತು.

ಒರೆಸಿ, ಉಜ್ಜಿ, ಸಲ್ಯೂಷನ್ ಹಚ್ಚಿದ್ದೇ ಇವರು ತೇಪೆ ಅಂಟಿಸಲು ಹೋದರು. ನಾನು ಬಿಡಲಿಲ್ಲ. "ಹಸೀಲಿ ಅಂಟಿಸಿದರೆ ದಾರೀಲಿ ಮಾಚೇನಹಳ್ಳಿ ಮುಟ್ಟೋದರೊಳಗೆ ಕಿತ್ತು ಬರುತ್ತೆ. ಹಂಚಿನ ಮೇಲೆ ರೊಟ್ಟಿ ಹಾಕಿದ್ದೀನಿ, ಬೇಯೋವರೆಗೆ ತಡೀರಿ."

"ಕೆಲಸ ಹೋಗ್ತಿದೆ, ನೀನು ರೊಟ್ಟಿ ಅಂತೀಯಲ್ಲೇ!"

ಆ ರೊಟ್ಟಿ ಬೆಂದಷ್ಟು ನಿಧಾನವಾಗಿ ಇನ್ಯಾವ ರೊಟ್ಟಿಯೂ ಬೆಂದಿಲ್ಲ. ಎರಡೂ ಮಗ್ಗುಲು ಕೆಂಪಾದ ಮೇಲೆ ತೇಪೆ ಕೂರಿಸಿದೆವು. ಒತ್ತಿಡಲು ಅತ್ತೆ ತಮ್ಮ ಎಲೆಅಡಿಕೆಯ ಕುಟ್ಟಾಣಿಯನ್ನೇ ಕೊಟ್ಟರು. ಅದನ್ನು ಬೇರೆಯವರು ಮುಟ್ಟುವ ಹಾಗಿರಲಿಲ್ಲ.

ಅದೇ ರೊಟ್ಟಿ ಕಟ್ಟಿಕೊಂಡು ಇವರು ಹೋದರು. ಗೇಟಿನಿಂದ ವಾಪಸು ಕಳಿಸಿದ್ದರೆ ಹತ್ತಕ್ಕೆಲ್ಲ ಮನೆಗೆ ಬರಬೇಕು. ಹತ್ತಾಯಿತು, ಹನ್ನೆರಡಾಯಿತು. ಊಟಕ್ಕೆ ಕರೆದರೆ ಅತ್ತೆ "ಹಸಿವಿಲ್ಲ" ಎಂದರು. ನನಗೂ ಇರಲಿಲ್ಲ. ಬೀದಿಯಲ್ಲಿ ಯಾವ ಸೈಕಲ್ ಗಂಟೆ ಕೇಳಿದರೂ ಇಬ್ಬರೂ ಬಾಗಿಲಿಗೆ ಬರುತ್ತಿದ್ದೆವು, ಒಬ್ಬರ ಮುಖ ಒಬ್ಬರು ನೋಡದೆ ಒಳಗೆ ಹೋಗುತ್ತಿದ್ದೆವು.

ಸಂಜೆ ಇವರು ಮೆಟ್ಟಿಲ ತನಕ ತುಳಿದುಕೊಂಡೇ ಬಂದು ಇಳಿದರು. "ಗೇಟು ಹಾಕೋದರೊಳಗೆ ಒಳಗಿದ್ದೆ."

ಅತ್ತೆ ಮಗನನ್ನು ಬಿಟ್ಟು ಮೊದಲು ಟೈರನ್ನು ಒತ್ತಿ ನೋಡಿದರು. ಗಟ್ಟಿಯಾಗಿತ್ತು. ಆಮೇಲೆ ಅಟ್ಟದಿಂದ ನೆಗ್ಗಿದ ತಾಮ್ರದ ಬೋಗುಣಿಯೊಂದನ್ನು ಇಳಿಸಿ ನನ್ನ ಕೈಗಿತ್ತರು.

"ಇನ್ಮೇಲೆ ಇದರಲ್ಲಿ ಮುಳುಗಿಸಿಕೊಳ್ಳಿ ಮಾರಾಯ್ತಿ. ದಿನಾ ನೆಕ್ಕೋಕೆ ನನ್ನ ಕೈಲಾಗಲ್ಲ."

ನಾನು ಎರಡು ತಟ್ಟೆ ಹಾಕಿದೆ. ಅತ್ತೆ, ಸೊಸೆ ಎದುರುಬದುರು ಕೂತು, ಮಧ್ಯಾಹ್ನದ ಆರಿದ ಅನ್ನಕ್ಕೆ ಸಾರು ಬಿಸಿ ಮಾಡಿಕೊಂಡು ಎರಡೆರಡು ಸಲ ಬಡಿಸಿಕೊಂಡು ಉಂಡೆವು.