ಕುರಿ ಗಂಟಲದ ಗುಳಿಗಿ

ನಮ್ಮಕ್ಕನ್ನ ಆಳಂದದಿಂದ ಜೇವರ್ಗಿ ಕಡಿ ಕೊಳಕೂರಕ್ಕ ಕೊಟ್ಟಿದ್ರು. ಇಬ್ಬರ ಕೆಲಸ ಒಬ್ಬಾಕಿನೇ ಮಾಡೂ ಹುಡುಗಿ. ಮೂರನೇ ವರ್ಷಕ್ಕ ಅತ್ತಿ ತಾನೇ ತಂದು ನಮ್ಮ ಕಟ್ಟಿ ಮ್ಯಾಲ ಕೂಡಿಸಿ, "ನಿಮ್ಮ ಮಗಳು ಮೈಗಳ್ಳಿ ಆಗ್ಯಾಳ. ತಿನ್ನೂದು, ಮಲಗೂದು. ನೀವೇ ಇಟ್ಕೋರಿ" ಅಂದು ಹೋದ್ಳು. ಮೈಗಳ್ಳಿ ಅಂತ! ಮಾರಿ ಬಾತಿತ್ತು, ಹುಬ್ಬು ಉದುರಿದ್ವು, ದನಿ ಗಂಡಸರ ದನಿ ಆಗಿತ್ತು. ಬ್ಯಾಸಗಿ ಬಿಸಲಾಗ ಕಂಬಳಿ ಹೊಚ್ಕೊಂಡು ನಡಗ್ತಿದ್ಳು. ಕಣ್ಣಿದ್ದವರಿಗೆ ಕಾಣೂದಿಲ್ಲೇನು ಅದು ಬ್ಯಾನಿ ಅಂತ?

ಅಪ್ಪ ನಿಜಾಮರ ಸರಹದ್ದು ದಾಟಿ ಆಕಿನ್ನ ಸೊಲ್ಲಾಪುರಕ್ಕ ಕರಕೊಂಡು ಹೋದ. ಅಲ್ಲಿ ಡಾಕ್ಟರು ಆಕಿ ಗಂಟಲ ಮುಟ್ಟಿ ನೋಡಿ ಅಂದ್ರಂತ: ಇಲ್ಲಿ ಥೈರಾಯ್ಡ್ ಅಂತ ಒಂದು ಗ್ರಂಥಿ ಅದ, ಮೈಗೆ ಕಾವು, ಕಸುವು ಕೊಡೂದು ಅದೇ. ಈಕಿದು ಕೆಲಸ ಬಿಟ್ಟದ. ಅದರ ಬದಲಿ ದಿನಾ ಗುಳಿಗಿ ನುಂಗಬೇಕು, ಜೀವ ಇರೂತನಕ. ಆರಾಮಾತು ಅಂತ ಬಿಟ್ರ ಮತ್ತ ಹಿಂಗೇ ಆಗ್ತಾಳ, ಜೀವಕ್ಕೇ ಬರ್ತದ. ಗುಳಿಗಿ ಯಾತರದು ಅಂತ ಅಪ್ಪ ಕೇಳಿದ. ಕುರಿ ಗಂಟಲದಾಗಿನ ಅದೇ ಗ್ರಂಥಿ ಒಣಗಿಸಿ ಮಾಡಿದ್ದು ಅಂದ್ರು.

ಲಿಂಗ ಕಟ್ಟಿದ ಮನಿ ನಮ್ಮದು, ತತ್ತಿ ಸೈತ ಒಳಗ ಬಂದಿದ್ದಿಲ್ಲ. ಅಪ್ಪ ಗುಳಿಗಿ ಡಬ್ಬಿ ಹಿಡಕೊಂಡು ಹೊಸ್ತಿಲ ಹೊರಗೇ ನಿಂತ. ಅವ್ವ ಕಸಗೊಂಡ್ಳು. "ಮಗಳು ಹ್ವಾದಮ್ಯಾಲ ಮಡಿ ತಗೊಂಡು ಏನ್ ಮಾಡ್ತೀರಿ? ಬರ್ರಿ ಒಳಗ."

ಮಳಿಗಾಲ ಮುಗಿಯೂದರೊಳಗ ಬಾವು ಇಳೀತು, ದನಿ ತಿರುಗಿ ಬಂತು, ಆಕಿ ರೊಟ್ಟಿ ಬಡಿಯೂ ಸಪ್ಪಳ ಓಣಿತನಕ ಕೇಳ್ತಿತ್ತು. ಸುದ್ದಿ ಮುಟ್ಟಿದ ಕೂಡ್ಲೇ ಅತ್ತಿ ಮಗನ್ನ ಕರಕೊಂಡು ಬಂದ್ಳು, ಸೀರಿ ಕುಬಸ ತಗೊಂಡು! ನಾಚಿಕಿ ಅಂಬೂದು ಬ್ಯಾಡೇನು? ಚಹಾ ಕುಡದು ಅಂದ್ಳು, "ಆರಾಮಾಗ್ಯಾಳಲ್ಲ, ಇನ್ನ ಆ ಹೊಲಸು ಬ್ಯಾಡ. ನಮ್ಮ ದೇವರ ಮನ್ಯಾಗ ಅದು ನಡಿಯೂದಿಲ್ಲ."

ನಾ ಬಾಗಲದಾಗೇ ನಿಂತಿದ್ದೆ, ಮೈಯೆಲ್ಲ ಉರೀತಿತ್ತು. ಅಕ್ಕ ಗಂಡನ ಮಾರಿ ನೋಡಿದ್ಳು. "ನೀವೇನಂತೀರಿ?"

"ಅವ್ವ ಅಂದಂಗ" ಅಂದ ಅಂವ.

ಅಕ್ಕ ಎದ್ದು ತಂಬಿಗಿ ನೀರು ತಂದು, ಅವರ ಎದುರಿಗೇ ಗುಳಿಗಿ ನುಂಗಿದ್ಳು. "ಇದನ್ನ ಬಿಟ್ರ ಸಾಯ್ತೇನಿ. ಗುಳಿಗಿ ಕೂಡ ಕರಕೊಂಡು ಹೋಗೂದಿದ್ರ ಬರ್ತೇನಿ."

ಅವರು ಎದ್ದು ಹೋದ್ರು. ಸೀರಿ ಕುಬಸ ಸೈತ ತಿರುಗಿ ಒಯ್ದ್ರು, ಅವರ ಬಾಯಾಗ ಮಣ್ಣು ಹಾಕ! ಮುಂದ ಅಂವ ಇನ್ನೊಂದು ಲಗ್ನ ಆದ. ಅಕ್ಕ ಮುದುಕಿ ಆಗೂತನಕ ನಮ್ಮಲ್ಲೇ ಬದುಕಿದ್ಳು. ಊರ ಮಂದಿ ಆಕಿಗಿ ಏನಂತಿದ್ರು ಗೊತ್ತದೇನು? ಗುಳಿಗಿ ಸಲುವಾಗಿ ಗಂಡನ್ನ ಬಿಟ್ಟಾಕಿ ಅಂತ. ಗುಳಿಗಿ ಸಲುವಾಗಿ ಹೆಂಡ್ತಿನ್ನ ಬಿಟ್ಟಾಂವ ಅಂತ ಅವಗ ಒಬ್ಬರೂ ಅನ್ನಲಿಲ್ಲ.